ಬಾವಿಯ ನೀರೂ ದೇಹಾರೋಗ್ಯವೂ

ಭೂಮಂಡಲದ ನೀರನ್ನೆಲ್ಲ 100 ಕೊಡಗಳೆಂದು ಭಾವಿಸಿದರೆ, 97ಕ್ಕೂ ಹೆಚ್ಚು ಕೊಡಗಳು ಉಪ್ಪುನೀರೇ. ಉಳಿದ ಸಿಹಿನೀರಿನ ಬಹುಭಾಗ ಹಿಮವಾಗಿ ಹೆಪ್ಪುಗಟ್ಟಿರುವುದು. ಮಿಕ್ಕುದು ಹೆಚ್ಚಾಗಿ ನೆಲದೊಳಗಿರುವುದು. ನದಿಗಳಲ್ಲಿ ಹರಿಯುವುದು ಅತ್ಯಲ್ಪ. ಮನುಷ್ಯದೇಹದ ತೂಕದಲ್ಲಿಯೂ 100ಕ್ಕೆ ಸುಮಾರು 60 ಪಾಲು ನೀರು. ಆದಕಾರಣ ಕುಡಿಯುವ ನೀರಿನ ಗುಣದೋಷಗಳು ದೇಹಕ್ಕೂ ತಗಲುವುವು.

ರಾಯಚೂರು ಸೀಮೆಯು ಎರಡು ನದಿಗಳ ನಡುವೆ ಇದೆ. ದೇವದುರ್ಗದ ಕಡೆ ಕೃಷ್ಣೆ, ಮಾನ್ವಿಯ ಕಡೆ ತುಂಗಭದ್ರೆ. ಆದರೂ ನಡುವಣ ಅನೇಕ ಊರುಗಳಿಗೆ ಬಾವಿ, ಕೊಳವೆಬಾವಿಗಳೇ ಆಧಾರ. ಇಲ್ಲಿಯ ಗ್ರಾನೈಟ್ ಜಾತಿಯ ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಫ್ಲೋರೈಡ್ ಎಂಬ ಲವಣಾಂಶವು ಕರಗಿ ಸೇರುವುದು. ಅದು ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರುವುದು ಲೇಸು; 1.5 ಮಿಲಿಗ್ರಾಮ್ ಮೀರಕೂಡದು. ಮೀರಿದಲ್ಲಿ ಮಕ್ಕಳ ಹಲ್ಲುಗಳಿಗೆ ಕಲೆ ಹಿಡಿಯುವುದು. ಬಹಳ ಹೆಚ್ಚಿದ್ದು, ವರ್ಷಗಟ್ಟಲೆ ಕುಡಿದರೆ ಎಲುಬು ಕೀಲುಗಳು ಬಿಗಿಯುವುವು.

ಈ ದೋಷವು ಬಣ್ಣ, ರುಚಿ, ವಾಸನೆಗಳಿಂದ ತಿಳಿಯದು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುವುವು, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಅದರ ಪ್ರಮಾಣವು ಹೆಚ್ಚುವುದು.

ಭೂಮಾಲೀಕರೂ ಊರಿನ ಪ್ರಮುಖರೂ ಮಾಡತಕ್ಕವು:

1. ಕುಡಿಯಲು ಬಳಸುವ ಪ್ರತಿಯೊಂದು ಬಾವಿಯ ನೀರನ್ನೂ ಪರೀಕ್ಷೆ ಮಾಡಿಸತಕ್ಕದ್ದು.

2. ಫ್ಲೋರೈಡ್ ಮಿತಿಮೀರಿದ ಬಾವಿಗೆ ಎಲ್ಲರಿಗೂ ಕಾಣುವಂತೆ ಗುರುತು ಹಾಕಿ, ಅದರ ನೀರನ್ನು ಕುಡಿಯಲೂ ಅಡಿಗೆಗೂ ಬಳಸದಿರತಕ್ಕದ್ದು.

3. ಶುಚಿಯಾದ ಛಾವಣಿಯ ಮಳೆನೀರನ್ನು ಮುಚ್ಚಿದ ತೊಟ್ಟಿಯಲ್ಲಿ ಕೂಡಿಡತಕ್ಕದ್ದು. ಮೊದಲ ಮಳೆಯ ನೀರನ್ನು ಹೊರಬಿಡತಕ್ಕದ್ದು. 100 ಚದರ ಮೀಟರ್ ಛಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರಾಗುವುದು. ಅದರಲ್ಲಿ ಸ್ವಲ್ಪ ವ್ಯಯವಾದರೂ, ಉಳಿದದ್ದು ಕಲ್ಲಿನ ಸಂಪರ್ಕವಿಲ್ಲದ ನೀರು. ಕುದಿಸಿ ಕುಡಿಯಲು ಯೋಗ್ಯವು.