ಇರುವ ದೃಷ್ಟಿ ಉಳಿಸುವ ಹನಿ: ಗ್ಲಾಕೋಮಾ ಡ್ರಾಪ್ಸ್ ಹಾಕುವುದು ಹೇಗೆ?

ಗ್ಲಾಕೋಮಾಕ್ಕೆಂದು ಡಾಕ್ಟರು ಬರೆದುಕೊಟ್ಟ ಡ್ರಾಪ್ಸನ್ನು ಎಷ್ಟು ತಿಂಗಳು ಹಾಕಿದರೂ ಕಣ್ಣು ಮೊದಲಿಗಿಂತ ಚೆನ್ನಾಗಿ ಕಾಣುವುದಿಲ್ಲ. ಇದು ಶುರುವಿನಲ್ಲೇ ಗೊತ್ತಿರಬೇಕು. ಗೊತ್ತಿಲ್ಲದವರು ಎರಡು ಬಾಟಲಿ ಮುಗಿಸಿ, ‘ಏನೂ ಗುಣ ಕಾಣಲಿಲ್ಲ’ ಎಂದು ನಿಲ್ಲಿಸಿಬಿಡುತ್ತಾರೆ. ಕಣ್ಣಿನೊಳಗೆ ಸದಾ ಊರುವ ನೀರು ಸರಿಯಾಗಿ ಹೊರಗೆ ಹೋಗದಿದ್ದಾಗ ಒಳಗಿನ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ಕಣ್ಣಿನಿಂದ ಮಿದುಳಿಗೆ ಹೋಗುವ ನರ ಎಳೆ ಎಳೆಯಾಗಿ ಸಾಯುತ್ತಾ ಹೋಗುತ್ತದೆ. ಸತ್ತ ಎಳೆ ಮತ್ತೆ ಬದುಕುವುದಿಲ್ಲ. ಡ್ರಾಪ್ಸ್ ಒತ್ತಡವನ್ನು ಇಳಿಸುತ್ತದೆ, ಉಳಿದಿರುವ ನರವನ್ನು ಕಾಯುತ್ತದೆ. ಅಷ್ಟೇ ಅದರ ಕೆಲಸ, ಆದರೆ ಅದು ಬಹಳ ದೊಡ್ಡ ಕೆಲಸ.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ವಯಸ್ಸಾದವರ ಕಣ್ಣಿನ ಕಾಯಿಲೆ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಪೊರೆ. ಡಾ. ಎಂ.ಸಿ. ಮೋದಿಯವರ ಕಾಲದಿಂದಲೂ ಕರ್ನಾಟಕದ ಹಳ್ಳಿಗಳು ನೇತ್ರ ಶಿಬಿರಗಳನ್ನು ಕಂಡಿವೆ. ಆಪರೇಷನ್ ಆಯಿತು, ಪಟ್ಟಿ ಬಿಚ್ಚಿದರು, ಕಂಡಿತು. ಗ್ಲಾಕೋಮಾ ಹಾಗಲ್ಲ. ಇದು ಮೊದಲು ಕಸಿಯುವುದು ಪಕ್ಕದ ನೋಟವನ್ನು. ನೇರಕ್ಕೆ ಪೇಪರಿನ ಅಕ್ಷರ ಚೆನ್ನಾಗಿಯೇ ಕಾಣುತ್ತಿರುತ್ತದೆ, ಆದರೆ ಗದ್ದೆಯ ಬದುವಿನ ಅಂಚಿನಲ್ಲಿ ಕಾಲು ತಪ್ಪುತ್ತದೆ, ರಸ್ತೆ ದಾಟುವಾಗ ಪಕ್ಕದಿಂದ ಬಂದ ಬೈಕು ಕಾಣುವುದೇ ಇಲ್ಲ. ನೋವಿಲ್ಲ, ಉರಿಯಿಲ್ಲ. ಕೆಲವರಿಗೆ ಲೇಸರ್ ಅಥವಾ ಆಪರೇಷನ್ ಬೇಕಾಗಬಹುದು. ಹೆಚ್ಚಿನವರಿಗೆ ಚಿಕಿತ್ಸೆ ಶುರುವಾಗುವುದು ಡ್ರಾಪ್ಸ್‌ನಿಂದ, ಮತ್ತು ಅದು ಬಿಪಿ ಮಾತ್ರೆಯ ಹಾಗೆ ವರ್ಷಗಟ್ಟಲೆ ನಡೆಯುತ್ತದೆ.

ಹಂತ 1: ಡಾಕ್ಟರ ಎದುರಿಗಿದ್ದಾಗಲೇ ಕೇಳಿ, ಹೇಳಿ

ಮಂಡ್ಯದ ಮಿಮ್ಸ್ ಇರಲಿ, ಮದ್ದೂರು ಅಥವಾ ಮಳವಳ್ಳಿಯ ತಾಲ್ಲೂಕು ಆಸ್ಪತ್ರೆ ಇರಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಬೆಂಗಳೂರಿನ ಮಿಂಟೋಗೋ ಹೋಗಿರಲಿ, ಒಪಿಡಿಯಲ್ಲಿ ನಿಮ್ಮ ಹಿಂದೆ ಸಾಲು ನಿಂತಿರುತ್ತದೆ. ಆ ಗಡಿಬಿಡಿಯಲ್ಲಿ ಚೀಟಿ ತೆಗೆದುಕೊಂಡು ಹೊರಟುಬಿಡಬೇಡಿ. ಯಾವ ಕಣ್ಣಿಗೆ, ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ, ಎರಡು ಬಾಟಲಿ ಇದ್ದರೆ ಯಾವುದು ಮೊದಲು ಎಂದು ಕೇಳಿಕೊಳ್ಳಿ. ಬಾಟಲಿ ಮುಗಿದ ಮೇಲೆ ಇನ್ನೊಂದು ಕೊಳ್ಳಬೇಕೇ ಎಂಬುದನ್ನೂ ಕೇಳಿ. ‘ಮುಂದುವರಿಸಿ’ ಎನ್ನುವ ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ನೀವು ಹೇಳಬೇಕಾದದ್ದೂ ಇದೆ, ಇಲ್ಲಿ ಸಂಕೋಚ ಬೇಡ. ಟಿಮೋಲಾಲ್ ಎಂಬ ಔಷಧಿ ಗ್ಲಾಕೋಮಾಕ್ಕೆ ತುಂಬ ಬಳಕೆಯಲ್ಲಿದೆ. ಕಣ್ಣಿಗೆ ಹಾಕಿದ ಹನಿ ಕಣ್ಣೀರು ಹರಿಯುವ ಸಣ್ಣ ನಾಳದಿಂದ ಮೂಗಿಗೆ ಇಳಿದು ಅಲ್ಲಿಂದ ರಕ್ತ ಸೇರುತ್ತದೆ. ಉಬ್ಬಸ ಇದ್ದವರಿಗೆ ಇದು ಉಸಿರು ಕಟ್ಟಿಸಬಹುದು, ನಾಡಿ ನಿಧಾನವಿರುವವರಿಗೆ ಇನ್ನೂ ನಿಧಾನ ಮಾಡಬಹುದು. ಕಣ್ಣಿನ ಡಾಕ್ಟರಿಗೆ ಉಬ್ಬಸದ ವಿಚಾರ ಯಾಕೆ ಎಂದುಕೊಳ್ಳುವವರು ಬಹಳ ಮಂದಿ. ಇನ್‌ಹೇಲರ್ ಬಳಸುತ್ತಿದ್ದರೆ, ಹೃದಯದ ತೊಂದರೆಯಿದ್ದರೆ, ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ಮಾತ್ರೆ ನುಂಗುತ್ತಿದ್ದರೆ ಹೇಳಲೇಬೇಕು. ಸಕ್ಕರೆ ಕಾಯಿಲೆ ಇದ್ದವರೂ ಹೇಳಿ, ಏಕೆಂದರೆ ಸಕ್ಕರೆ ತೀರಾ ಇಳಿದಾಗ ಎಚ್ಚರಿಸುವ ಎದೆಬಡಿತವನ್ನು ಟಿಮೋಲಾಲ್ ಮರೆಮಾಚಬಲ್ಲದು. ಸಲ್ಫಾ ಔಷಧಿ ಒಗ್ಗದವರು, ಬಸುರಿಯರು, ಮಗುವಿಗೆ ಹಾಲೂಡುವ ತಾಯಂದಿರೂ ಮೊದಲೇ ತಿಳಿಸಬೇಕು. ಮನೆಯಲ್ಲಿ ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಕವರಿಗೆ ಹಾಕಿ ತೆಗೆದುಕೊಂಡು ಹೋದರೆ ಹೆಸರು ನೆನಪಿಟ್ಟುಕೊಳ್ಳುವ ತಾಪತ್ರಯವಿಲ್ಲ.

ಹಂತ 2: ಬಾಟಲಿಗೆ ಗುರುತು ಹಾಕಿ

ಮೆಡಿಕಲ್ಸ್‌ನಲ್ಲಿ ಬಾಟಲಿ ಕೈಗೆ ಬಂದ ಕೂಡಲೇ ಚೀಟಿಯಲ್ಲಿರುವ ಹೆಸರೂ ಡಬ್ಬಿಯ ಮೇಲಿನ ಹೆಸರೂ ಒಂದೇ ಎಂದು ನೋಡಿ. ಕಂಪನಿ ಬೇರೆಯಾಗಿದ್ದರೆ ಒಳಗಿನ ಔಷಧಿ, ಅದರ ಪ್ರಮಾಣ ಅದೇ ಎಂದು ಖಚಿತ ಮಾಡಿಕೊಳ್ಳಿ. ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಕಡಿಮೆ ಬೆಲೆಗೆ ಸಿಗುತ್ತದೆಯೇ ಎಂದು ವಿಚಾರಿಸಿ. ತಿಂಗಳು ತಿಂಗಳೂ ಕೊಳ್ಳಬೇಕಾದ ವಸ್ತು ಇದು, ಖರ್ಚು ತಾಳಲಾರದೆ ನಿಲ್ಲಿಸುವುದಕ್ಕಿಂತ ಅಗ್ಗದ್ದು ಕೇಳುವುದು ಜಾಣತನ.

ಮುಚ್ಚಳ ತೆರೆದ ದಿನದ ತಾರೀಖನ್ನು ಪೆನ್ನಿನಿಂದ ಬಾಟಲಿಯ ಮೇಲೆ ಬರೆಯಿರಿ. ತೆರೆದು ನಾಲ್ಕು ವಾರವಾದ ಮೇಲೆ ಸಾಮಾನ್ಯವಾಗಿ ಅದನ್ನು ಬಳಸಬಾರದು, ಒಳಗೆ ಉಳಿದಿದ್ದರೂ ಸರಿ. ಓದು ಬಾರದ ಅಜ್ಜಿ ತಾತಂದಿರಿಗೆ ರಾತ್ರಿಯ ಬಾಟಲಿಗೆ ಕಪ್ಪು ದಾರ, ಬೆಳಗಿನದಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿಕೊಡಿ. ಮುಚ್ಚಳದ ಬಣ್ಣವನ್ನು ನಂಬಬೇಡಿ, ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಕಿವಿಗೆ ಹಾಕುವ ಹನಿ, ಅಂಟಿನ ಪುಟ್ಟ ಬಾಟಲಿ ಇವನ್ನು ಅದೇ ಗೂಡಿನಲ್ಲಿ ಇಡಲೇಬೇಡಿ.

ಹಂತ 3: ಇಡುವ ಜಾಗ

ಲ್ಯಾಟನೊಪ್ರೋಸ್ಟ್ ಎಂಬ, ರಾತ್ರಿ ಒಂದೇ ಸಲ ಹಾಕುವ ಹನಿಯ ಹೆಚ್ಚಿನ ಬಾಟಲಿಗಳನ್ನು ತೆರೆಯುವ ತನಕ 2ರಿಂದ 8 ಡಿಗ್ರಿ ತಂಪಿನಲ್ಲಿ, ಅಂದರೆ ಫ್ರಿಜ್‌ನಲ್ಲಿ ಇಡಬೇಕು. ಫ್ರೀಜರ್‌ನಲ್ಲಿ ಬೇಡ. ತೆರೆದ ಮೇಲೆ 25 ಡಿಗ್ರಿಯೊಳಗೆ ಹೊರಗಿಡಬಹುದು, ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ ಶೀಟಿನ ಮನೆಯೊಳಗೆ ಅಷ್ಟು ತಂಪು ಎಲ್ಲಿ ಬರಬೇಕು? ಫ್ರಿಜ್ ಇಲ್ಲದವರು ಒಂದು ಸಲಕ್ಕೆ ಒಂದೇ ಬಾಟಲಿ ಕೊಳ್ಳಿ, ಅದೂ ಅಂಗಡಿಯವರು ಫ್ರಿಜ್‌ನಿಂದ ತೆಗೆದುಕೊಟ್ಟದ್ದನ್ನು. ಮನೆಯಲ್ಲಿ ಬಿಗಿಯಾದ ಡಬ್ಬಿಯೊಳಗೆ ಹಾಕಿ ಮಣ್ಣಿನ ಮಡಕೆಯ ತಂಪಿನಲ್ಲಿಡಿ, ಡಬ್ಬಿಗೆ ನೀರು ತಾಗದಿರಲಿ. ಒಲೆಯ ಪಕ್ಕ, ಕಿಟಕಿ, ಬೈಕಿನ ಡಿಕ್ಕಿ ಇವು ಯಾವ ಡ್ರಾಪ್ಸ್‌ಗೂ ಆಗಿಬರುವುದಿಲ್ಲ. ಮಕ್ಕಳ ಕೈಗೂ ಸಿಗಬಾರದು. ಬ್ರಿಮೊನಿಡಿನ್ ಎಂಬ ಹನಿ ಎಳೆಯ ಮಕ್ಕಳಲ್ಲಿ ಮಂಪರು ತರಿಸಿ ಉಸಿರಾಟಕ್ಕೇ ತೊಂದರೆ ಮಾಡಬಲ್ಲದು.

ಹಂತ 4: ಕೈ ತೊಳೆಯಿರಿ

ಕಬ್ಬಿಗೆ ಔಷಧಿ ಹೊಡೆದ ಕೈ, ಮೆಣಸಿನಕಾಯಿ ಮುಟ್ಟಿದ ಕೈ, ಹೊಗೆಸೊಪ್ಪು ತಿಕ್ಕಿದ ಕೈ. ಸೋಪು ಹಾಕಿ ತೊಳೆಯಿರಿ, ಒಗೆದ ಬಟ್ಟೆಯಲ್ಲಿ ಒರೆಸಿಕೊಳ್ಳಿ.

ಹಂತ 5: ಒಂದು ಹನಿ, ಸರಿಯಾದ ಜಾಗಕ್ಕೆ

ಕುರ್ಚಿಯ ಮೇಲೆ ಕುಳಿತು ತಲೆ ಹಿಂದಕ್ಕೆ ಬಾಗಿಸಿ, ಇಲ್ಲವೇ ಚಾಪೆಯ ಮೇಲೆ ಮಲಗಿ. ಬ್ರಿಂಜೊಲಮೈಡ್‌ನಂಥ ಕೆಲವು ಹನಿಗಳನ್ನು ಮೊದಲು ಕುಲುಕಬೇಕು, ಡಬ್ಬಿಯ ಮೇಲೆ ಬರೆದಿರುತ್ತದೆ. ಮುಚ್ಚಳ ತೆಗೆದು ಅದನ್ನು ಚೊಕ್ಕವಾದ ಜಾಗದಲ್ಲಿಡಿ. ಒಂದು ಕೈಯ ಬೆರಳಿನಿಂದ ಕೆಳಗಿನ ರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆ ಎಳೆಯಿರಿ, ಅಲ್ಲೊಂದು ಪುಟ್ಟ ಜೇಬು ಮೂಡುತ್ತದೆ. ಸೂರು ನೋಡುತ್ತಾ ಬಾಟಲಿಯನ್ನು ತಲೆಕೆಳಗಾಗಿಸಿ, ಬಾಟಲಿ ಹಿಡಿದ ಕೈಯನ್ನು ಹಣೆಗೆ ಆನಿಸಿಕೊಂಡರೆ ನಡುಗುವುದಿಲ್ಲ. ಕಣ್ಣಿಗಿಂತ ಒಂದು ಬೆರಳಗಲ ಮೇಲೆ ಹಿಡಿದು ಮೆಲ್ಲಗೆ ಅದುಮಿ, ಆ ಜೇಬಿಗೆ ಒಂದೇ ಹನಿ ಬೀಳಿಸಿ.

ಬಾಟಲಿಯ ತುದಿ ರೆಪ್ಪೆಗಾಗಲಿ, ಕೂದಲಿಗಾಗಲಿ, ಬೆರಳಿಗಾಗಲಿ ತಾಗಬಾರದು. ತಾಗಿದರೆ ಕ್ರಿಮಿಗಳು ಬಾಟಲಿ ಸೇರುತ್ತವೆ, ಮುಂದಿನ ಪ್ರತಿ ಹನಿಯ ಜೊತೆ ಅವೂ ಕಣ್ಣಿಗೆ ಬೀಳುತ್ತವೆ. ಇದೇ ಕಾರಣಕ್ಕೆ ಒಬ್ಬರ ಬಾಟಲಿ ಇನ್ನೊಬ್ಬರಿಗಲ್ಲ.

ಎರಡು ಹನಿ ಹಾಕಿದರೆ ಎರಡು ಪಟ್ಟು ಗುಣ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕಣ್ಣಿನ ಆ ಜೇಬು ಒಂದು ಹನಿಯನ್ನೇ ಪೂರ್ತಿ ಹಿಡಿಯಲಾರದು. ಹೆಚ್ಚಿನದೆಲ್ಲ ಕೆನ್ನೆಯ ಮೇಲೆ ಹರಿದು ದುಡ್ಡು ದಂಡ, ಮೇಲೆ ಚರ್ಮಕ್ಕೆ ಉರಿ. ಹನಿ ಕೆನ್ನೆಗೆ ಬಿತ್ತೆಂದು ಖಾತ್ರಿಯಾದರೆ ಮಾತ್ರ ಇನ್ನೊಂದು ಹಾಕಿ. ಲ್ಯಾಟನೊಪ್ರೋಸ್ಟನ್ನು ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಹಾಕಿದರೆ ಒತ್ತಡ ಇಳಿಸುವ ಅದರ ಶಕ್ತಿಯೇ ಕುಗ್ಗಬಹುದು.

ಕೈ ನಡುಗುವವರಿಗೆ, ಕಣ್ಣು ತೆರೆದಿಡಲು ಹೆದರುವವರಿಗೆ ಇನ್ನೊಂದು ದಾರಿ: ಅಂಗಾತ ಮಲಗಿ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಗೆ ಹನಿ ಬೀಳಿಸಿ, ಆಮೇಲೆ ಕಣ್ಣು ತೆರೆಯಿರಿ. ಹನಿ ತಾನೇ ಒಳಗೆ ಇಳಿಯುತ್ತದೆ. ಮಗಳೋ ಸೊಸೆಯೋ ಮೊಮ್ಮಗನೋ ಹಾಕಿಕೊಡುವುದಾದರೆ ಅವರಿಗೂ ಇದನ್ನೆಲ್ಲ ಓದಿ ಹೇಳಿ. ಒಬ್ಬರಿಗಿಂತ ಇಬ್ಬರು ಕಲಿತಿರುವುದು ಕ್ಷೇಮ, ಸೊಸೆ ತವರಿಗೆ ಹೋದ ವಾರ ತಾತನ ಡ್ರಾಪ್ಸ್ ನಿಲ್ಲಬಾರದು.

ಹಂತ 6: ಮೂಲೆ ಒತ್ತಿ ಹಿಡಿಯಿರಿ

ಬಹಳ ಮಂದಿಗೆ ಯಾರೂ ಹೇಳಿಕೊಡದ ಹಂತ ಇದು. ಹನಿ ಬಿದ್ದ ಮೇಲೆ ಕಣ್ಣನ್ನು ಮೆಲ್ಲಗೆ ಮುಚ್ಚಿ. ಪಟಪಟ ಮಿಟುಕಿಸಬೇಡಿ, ಬಿಗಿಯಾಗಿ ಹಿಂಡಬೇಡಿ. ತೋರುಬೆರಳಿನಿಂದ ಕಣ್ಣಿನ ಒಳಮೂಲೆಯನ್ನು, ಮೂಗಿನ ಮೂಳೆಗೆ ತಾಗಿದ ಜಾಗವನ್ನು, ಎರಡು ನಿಮಿಷ ಮೆದುವಾಗಿ ಒತ್ತಿ ಹಿಡಿಯಿರಿ. ಕಣ್ಣೀರಿನ ನಾಳದ ಬಾಯಿ ಇರುವುದು ಅಲ್ಲೇ. ನಾಲೆಯ ತೂಬು ಮುಚ್ಚಿದರೆ ನೀರು ಗದ್ದೆಗೆ ಇಳಿಯದೆ ನಿಲ್ಲುವ ಹಾಗೆ, ಔಷಧಿ ಮೂಗಿಗೆ ಇಳಿಯದೆ ಕಣ್ಣಿನಲ್ಲೇ ನಿಲ್ಲುತ್ತದೆ. ಕಣ್ಣಿಗೆ ಹೆಚ್ಚು ದಕ್ಕುತ್ತದೆ, ರಕ್ತಕ್ಕೆ ಕಡಿಮೆ ಸೇರುತ್ತದೆ. ಗಂಟಲಲ್ಲಿ ಕಹಿ ಎನಿಸಿದರೆ ಔಷಧಿ ಕೆಳಗೆ ಇಳಿದಿದೆ ಎಂದರ್ಥ, ನಾಳೆ ಬೆರಳಿನ ಜಾಗ ಸ್ವಲ್ಪ ಬದಲಿಸಿ ನೋಡಿ. ಕೊನೆಗೆ ರೆಪ್ಪೆಯ ಮೇಲೆ ಉಳಿದ ಹನಿ ಒರೆಸಿ, ಮುಚ್ಚಳ ಬಿಗಿ ಮಾಡಿ, ಮತ್ತೆ ಕೈ ತೊಳೆಯಿರಿ.

ಹಂತ 7: ಎರಡನೆಯ ಔಷಧಿಗೆ ಮುಂಚೆ

ಕನಿಷ್ಠ ಐದು ನಿಮಿಷ ಬಿಡಿ, ಹತ್ತಾದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಎರಡನೆಯದು ಮೊದಲಿನದನ್ನು ತೊಳೆದುಹಾಕುತ್ತದೆ. ಮುಲಾಮು ಇದ್ದರೆ ಅದು ಕಟ್ಟಕಡೆಗೆ.

ಹಂತ 8: ಹೊತ್ತು ತಪ್ಪಿಸಬೇಡಿ

ಡ್ರಾಪ್ಸನ್ನು ದಿನವೂ ತಪ್ಪದೆ ಮಾಡುವ ಯಾವುದಾದರೂ ಕೆಲಸಕ್ಕೆ ಗಂಟುಹಾಕಿ. ರಾತ್ರಿ ಮುದ್ದೆ ಉಂಡು ಕೈ ತೊಳೆದ ಮೇಲೆ ಎಂದಿಟ್ಟುಕೊಂಡರೆ ಮರೆಯುವುದು ಕಷ್ಟ. ದಿನಕ್ಕೆರಡು ಸಲ ಎಂದರೆ ಸುಮಾರು 12 ಗಂಟೆ ಅಂತರವಿರಲಿ. ಮರೆತರೆ ನೆನಪಾದಾಗ ಹಾಕಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟು ಮುಂದಿನದನ್ನಷ್ಟೇ ಹಾಕಿ.

ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವವರು, ಮದುವೆಗೆಂದು ಮೂರು ದಿನ ಊರು ಬಿಡುವವರು, ಬೆಳಗಿನ ರೈಲಿಗೆ ಮದ್ದೂರು ಮಂಡ್ಯದಿಂದ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರು ಬಾಟಲಿಯನ್ನು ಜೊತೆಗೆ ಇಟ್ಟುಕೊಳ್ಳಿ. ಬಾಟಲಿ ಮುಗಿಯುವ ಒಂದು ವಾರ ಮೊದಲೇ ಇನ್ನೊಂದು ತನ್ನಿ. ನಮ್ಮ ಊರಿನ ಅಂಗಡಿಯಲ್ಲಿ ಸ್ಟಾಕ್ ಇಲ್ಲದಿದ್ದರೆ ಮಂಡ್ಯಕ್ಕೋ ಮೈಸೂರಿಗೋ ಹೋಗಿಬರಲು ಆ ವಾರ ಬೇಕಾಗುತ್ತದೆ.

ಹಂತ 9: ಬೇರೆ ಹನಿ ಬೆರೆಸಬೇಡಿ

ಇದನ್ನು ಒತ್ತಿ ಹೇಳಬೇಕಾಗಿದೆ. ಕಬ್ಬಿನ ಗರಿ ಕಣ್ಣಿಗೆ ಹೊಡೆಯುವುದು ನಮ್ಮ ಸೀಮೆಯಲ್ಲಿ ಹೊಸದಲ್ಲ. ಕಣ್ಣು ಕೆಂಪಾದರೆ ಅಂಗಡಿಗೆ ಹೋಗಿ ‘ಕೆಂಪಿಗೆ ಒಂದು ಡ್ರಾಪ್ಸ್ ಕೊಡಿ’ ಎಂದು ಕೇಳುವ ರೂಢಿಯಿದೆ. ಆ ಬಾಟಲಿಯಲ್ಲಿ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್‌ನಂಥ ಸ್ಟೆರಾಯ್ಡ್ ಇರಬಹುದು. ಕೆಂಪು ಎರಡೇ ದಿನಕ್ಕೆ ಇಳಿಯುತ್ತದೆ, ಹಾಗಾಗಿ ಅದೇ ಒಳ್ಳೆಯ ಔಷಧಿ ಎಂದು ಮತ್ತೆ ಮತ್ತೆ ಕೊಳ್ಳುತ್ತಾರೆ. ವಾರಗಟ್ಟಲೆ ಹಾಕಿದರೆ ಹಲವರಲ್ಲಿ ಕಣ್ಣಿನ ಒತ್ತಡ ನೋವಿಲ್ಲದೆ ಏರುತ್ತದೆ. ಗ್ಲಾಕೋಮಾ ಇಲ್ಲದವರಿಗೂ ಬರಬಹುದು, ಇದ್ದವರಿಗೆ ಉಲ್ಬಣಿಸಬಹುದು. ಗರಿಯ ಗಾಯಕ್ಕೆ ಬೂಷ್ಟಿನ ಸೋಂಕು ತಗುಲಿದ್ದರೆ ಸ್ಟೆರಾಯ್ಡ್ ಅದನ್ನು ಇನ್ನಷ್ಟು ಹಬ್ಬಿಸುತ್ತದೆ. ಕಣ್ಣಿಗೆ ಪೆಟ್ಟು ಬಿದ್ದರೆ ಅಂಗಡಿಗಲ್ಲ, ಆಸ್ಪತ್ರೆಗೆ ಹೋಗಬೇಕು. ನಂದಿಬಟ್ಟಲು ಹೂವಿನ ರಸ, ಎದೆಹಾಲು, ಜೇನುತುಪ್ಪ, ಹರಳೆಣ್ಣೆ ಇವೂ ಬೇಡ. ಹಿರಿಯರು ಪ್ರೀತಿಯಿಂದ ಹೇಳಿದ್ದಿರಬಹುದು, ಆದರೆ ಇವು ಒತ್ತಡ ಇಳಿಸುವುದಿಲ್ಲ, ಸೋಂಕು ತರಬಲ್ಲವು.

ಹಂತ 10: ಏನು ಸಹಿಸಬಹುದು, ಯಾವಾಗ ಓಡಬೇಕು

ಹಾಕಿದ ಕೂಡಲೇ ತುಸು ಉರಿ, ಸ್ವಲ್ಪ ಹೊತ್ತು ಮಂಜು ಸಹಜ. ಮಂಜು ಕರಗುವ ತನಕ ಗಾಡಿ ಓಡಿಸಬೇಡಿ. ಲ್ಯಾಟನೊಪ್ರೋಸ್ಟ್ ಬಳಸುವವರಿಗೆ ಕಣ್ಣು ಕೊಂಚ ಕೆಂಪಾಗಬಹುದು, ರೆಪ್ಪೆಗೂದಲು ಉದ್ದವಾಗಬಹುದು, ಸುತ್ತಲಿನ ಚರ್ಮ ಕಪ್ಪಾಗಬಹುದು. ಬೇಸರವಾದರೆ ಡಾಕ್ಟರಿಗೆ ಹೇಳಿ, ಬೇರೆ ಔಷಧಿಗಳಿವೆ. ನೀವಾಗಿಯೇ ನಿಲ್ಲಿಸಬೇಡಿ.

ಉಸಿರು ಕಟ್ಟಿದರೆ, ತಲೆ ತಿರುಗಿ ಬೀಳುವಂತಾದರೆ, ನಾಡಿ ತೀರಾ ನಿಧಾನವಾದರೆ, ಮುಖ ಊದಿದರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ. ಇದ್ದಕ್ಕಿದ್ದಂತೆ ಕಣ್ಣಿನಲ್ಲಿ ತಡೆಯಲಾರದ ನೋವು, ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ, ನೋಟ ಮಸುಕು, ಇವು ಒಟ್ಟಾಗಿ ಬಂದರೆ ಒತ್ತಡ ಏಕಾಏಕಿ ಏರಿರಬಹುದು. ಪಿತ್ತ ಎಂದು ಮಲಗಿಸಬೇಡಿ, ಬೆಳಗಾಗಲಿ ಎಂದು ಕಾಯಬೇಡಿ. ಮಳವಳ್ಳಿಯ ಒಳಗಿನ ಹಳ್ಳಿಯಾದರೂ ಸರಿ, 108ಕ್ಕೆ ಫೋನ್ ಮಾಡಿ.

ಹಂತ 11: ತಪಾಸಣೆಯ ದಿನ

ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದ ನಡುವೆ ಇರುತ್ತದೆ. ಆದರೆ ನಿಮ್ಮ ಕಣ್ಣಿಗೆ ಎಷ್ಟಿರಬೇಕೆಂದು ತೀರ್ಮಾನಿಸುವವರು ಡಾಕ್ಟರು, ಕೆಲವರಿಗೆ ಈ ಮಿತಿಯೊಳಗೇ ನರ ಹಾಳಾಗುತ್ತಿರುತ್ತದೆ. ಆ ದಿನ ಬೆಳಿಗ್ಗೆಯೂ ಡ್ರಾಪ್ಸ್ ಹಾಕಿಕೊಂಡೇ ಹೋಗಿ, ಇಲ್ಲದಿದ್ದರೆ ಔಷಧಿ ನಾಟುತ್ತಿದೆಯೇ ಎಂದು ತಿಳಿಯುವುದಿಲ್ಲ. ನಡುವೆ ಹೊತ್ತು ತಪ್ಪಿದ್ದರೆ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಔಷಧಿ ಸಾಲದೆಂದು ಭಾವಿಸಿ ಇನ್ನೊಂದು ಬಾಟಲಿ ಬರೆದಾರು. ಬಾಟಲಿಯನ್ನೂ ತೆಗೆದುಕೊಂಡು ಹೋಗಿ, ನರ್ಸ್ ಅಥವಾ ಡಾಕ್ಟರ ಮುಂದೆಯೇ ಒಂದು ಸಲ ಹಾಕಿ ತೋರಿಸಿ. ಪಕ್ಕದ ನೋಟ ಅಳೆಯುವ ಫೀಲ್ಡ್ ಟೆಸ್ಟ್‌ನ ಹಳೆಯ ಕಾಗದಗಳನ್ನೆಲ್ಲ ಒಂದೇ ಫೈಲಿನಲ್ಲಿಡಿ, ಹಿಂದಿನದಕ್ಕೆ ಹೋಲಿಸಿದಾಗಲೇ ಕಾಯಿಲೆ ನಿಂತಿದೆಯೋ ಮುಂದುವರಿದಿದೆಯೋ ಗೊತ್ತಾಗುವುದು.

ಗ್ಲಾಕೋಮಾ ಮನೆತನದಲ್ಲಿ ಹರಿದುಬರುವ ಸಾಧ್ಯತೆ ಹೆಚ್ಚು. ನಿಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು, 40 ದಾಟಿದ ಮಕ್ಕಳು ಇದ್ದರೆ ಅದೇ ದಿನ ಜೊತೆಗೆ ಕರೆದುಕೊಂಡು ಹೋಗಿ ನರ ಮತ್ತು ಒತ್ತಡ ಎರಡನ್ನೂ ನೋಡಿಸಿ. ಪಾಪೆ ಹಿಗ್ಗಿಸಿ ನೋಡುವುದರಿಂದ ಕೆಲವು ಗಂಟೆ ಕಣ್ಣು ಮಂಜಾಗುತ್ತದೆ. ಬೈಕು ಮನೆಯಲ್ಲೇ ಬಿಟ್ಟು ಬಸ್ಸಿಗೆ ಹೋಗಿ ಬನ್ನಿ.