ಇಂಧನ ಪರಿವರ್ತನೆಯ ಜಮಾ-ಖರ್ಚು: ಬಿಕ್ಕೋಡು ಹೋಬಳಿಯಿಂದ ಒಂದು ನೋಟ

ಹವಾಮಾನ ರಾಜಕಾರಣವನ್ನು ಪಿಎಚ್.ಡಿ. ಪದವಿಗಾಗಿ ಅಧ್ಯಯನ ಮಾಡುವವರು ಸಾಮಾನ್ಯವಾಗಿ ಅಂತರರಾಷ್ಟ್ರೀಯ ಒಪ್ಪಂದಗಳಿಂದ ಆರಂಭಿಸುತ್ತಾರೆ. 1992ರ ರಿಯೋ ಸಮ್ಮೇಳನ, 1997ರ ಕ್ಯೋಟೊ ಒಡಂಬಡಿಕೆ, 2015ರ ಪ್ಯಾರಿಸ್ ಒಪ್ಪಂದ ಎಂಬ ಕ್ರಮದಲ್ಲಿ ವಿಷಯ ಸಾಗುತ್ತದೆ. ಬೇಲೂರು ತಾಲ್ಲೂಕಿನ ಬಿಕ್ಕೋಡು ಹೋಬಳಿಯಿಂದ ಆರಂಭಿಸಿದರೆ ಅದೇ ವಿಷಯದ ಮತ್ತೊಂದು ಮುಖ ಕಾಣುತ್ತದೆ. ಇಲ್ಲಿಯ ಕಾಫಿ ಹೂಮಳೆಯನ್ನು ನಂಬಿದ ಬೆಳೆ. ಬೇಸಿಗೆಯ ಆರಂಭದ ಹೂಮಳೆಯಾಗಲಿ, ಆನಂತರ ಕಾಯಿ ಕಚ್ಚಲು ಬೇಕಾದ ಮಳೆಯಾಗಲಿ ತಪ್ಪಿದರೆ ಸ್ಪ್ರಿಂಕ್ಲರ್ ಹೂಡಬೇಕು. ಅದಕ್ಕೆ ವಿದ್ಯುತ್ ಇಲ್ಲವೇ ಡೀಸೆಲ್ ಬೇಕು. ಹೀಗೆ ಹವಾಮಾನದ ಏರುಪೇರು ಬೆಳೆಗಾರರ ಲೆಕ್ಕದಲ್ಲಿ ಇಂಧನದ ಖರ್ಚಾಗಿ ದಾಖಲಾಗುತ್ತದೆ. ಅದರ ಪರಿಣಾಮ ಗೊಬ್ಬರದಂಗಡಿಯ ಬಾಕಿಯವರೆಗೂ ಮುಟ್ಟುತ್ತದೆ. ಆದುದರಿಂದ ಈ ವಿಷಯ ವರ್ತಕರಿಗೂ ಸಂಬಂಧಿಸಿದ್ದು.

ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ

2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಭಾರತವು 2070ರ ವೇಳೆಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕೆ ತರುವುದಾಗಿ ಘೋಷಿಸಿತು. ದೇಶದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಪಳೆಯುಳಿಕೆಯೇತರ ಮೂಲಗಳದ್ದಾಗಿದೆ ಎಂದು 2025ರಲ್ಲಿ ಸರ್ಕಾರ ಪ್ರಕಟಿಸಿತು. ಈ ಅಂಕಿಯನ್ನು ಎಚ್ಚರಿಕೆಯಿಂದ ಓದಬೇಕು. ಕೊಯ್ಲಿನ ದಿನಗಳಲ್ಲಿ ಮಾತ್ರ ಓಡುವ ಪಲ್ಪರ್ ಯಂತ್ರದ ಸಾಮರ್ಥ್ಯವನ್ನು ಇಡೀ ವರ್ಷದ ಉತ್ಪಾದನೆಯೆಂದು ಯಾರೂ ಲೆಕ್ಕ ಹಿಡಿಯುವುದಿಲ್ಲ. ಒಂದು ಮೆಗಾವಾಟ್ ಸ್ಥಾವರ ವರ್ಷವಿಡೀ ನಿಲ್ಲದೆ ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ 87.6 ಲಕ್ಷ ಯೂನಿಟ್ ಬರುತ್ತದೆ. ಅದೇ ಸಾಮರ್ಥ್ಯದ ಸೌರ ಸ್ಥಾವರ ಶೇ. 20ರ ಬಳಕೆಯಲ್ಲಿ ನಡೆದರೆ ಸಿಗುವುದು ಸುಮಾರು 17.5 ಲಕ್ಷ ಯೂನಿಟ್ ಮಾತ್ರ. ಈ ಕಾರಣದಿಂದಲೇ ಉತ್ಪಾದನೆಯಲ್ಲಿ ಇಂದಿಗೂ ಕಲ್ಲಿದ್ದಲಿನದೇ ದೊಡ್ಡ ಪಾಲು. ಆ ಪಾಲನ್ನು ಇಳಿಸಲು ಇನ್ನಷ್ಟು ಭೂಮಿ, ಇನ್ನಷ್ಟು ಜಲಾಶಯ ಬೇಕಾಗುತ್ತದೆ. ಅವನ್ನು ಯಾರಿಂದ, ಯಾವ ಬೆಲೆಗೆ ಪಡೆಯಬೇಕೆಂಬುದೇ ಹವಾಮಾನ ರಾಜಕಾರಣದ ತಿರುಳು. ರಾಜ್ಯದ ಎರಡು ಯೋಜನೆಗಳು ಇದನ್ನು ಸ್ಪಷ್ಟಪಡಿಸುತ್ತವೆ.

ಗುಂಡ್ಯ: ಬರೆಯದೆ ಉಳಿದ ಖರ್ಚು

ಮೊದಲನೆಯದು ಹಾಸನ ಜಿಲ್ಲೆಯದೇ. ಸಕಲೇಶಪುರದ ಘಟ್ಟಸೀಮೆಯ ಹಳ್ಳಗಳ ನೀರನ್ನು ತಿರುಗಿಸಿ 200 ಮೆಗಾವಾಟ್ ಜಲವಿದ್ಯುತ್ ಪಡೆಯುವ ಗುಂಡ್ಯ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ರೂಪಿಸಿತ್ತು. ಸ್ಥಳೀಯ ಕೃಷಿಕರೂ ಪರಿಸರ ಕಾರ್ಯಕರ್ತರೂ ಅದನ್ನು ವಿರೋಧಿಸಿದರು. 2010ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಆ ನದೀಪಾತ್ರದ ಜೀವವೈವಿಧ್ಯ ಹಾಗೂ ಜನಜೀವನದ ಕುರಿತು ಅಧ್ಯಯನ ವರದಿ ಸಿದ್ಧಪಡಿಸಿದರು. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ತಜ್ಞರ ಸಮಿತಿ 2011ರ ತನ್ನ ವರದಿಯಲ್ಲಿ ಯೋಜನೆ ಬೇಡವೆಂದು ಶಿಫಾರಸು ಮಾಡಿತು. ಯೋಜನೆ ಈವರೆಗೂ ಕಾರ್ಯಗತವಾಗಿಲ್ಲ.

ಘೋಷಣೆ ಕೂಗಿದ್ದು ಚಳವಳಿಯ ಒಂದು ಭಾಗ ಮಾತ್ರ. ಯೋಜನಾ ವರದಿಯ ಖರ್ಚಿನ ಕಲಮಿನಲ್ಲಿ ಕಾಣದ ಕಾಡು, ಹಳ್ಳ, ತೋಟಗಳನ್ನು ಎಣಿಸಿ ಮುಂದಿಟ್ಟದ್ದು ಅದಕ್ಕಿಂತ ಮುಖ್ಯವಾದ ಭಾಗ. ಕಾಡು ತುಂಡಾದಾಗ ಆನೆಗಳು ತೋಟಗಳತ್ತ ಬರುತ್ತವೆಂಬುದನ್ನು ಬಿಕ್ಕೋಡಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಅಂಥ ನಷ್ಟ ಯಾವ ಮೆಗಾವಾಟ್ ಲೆಕ್ಕದಲ್ಲಿಯೂ ಬರುವುದಿಲ್ಲ.

ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಒಂದು ಯೋಜನೆ ನಿಂತ ಮಾತ್ರಕ್ಕೆ ವಿದ್ಯುತ್ ಬೇಡಿಕೆ ನಿಲ್ಲುವುದಿಲ್ಲ. 1,720 ಮೆಗಾವಾಟ್ ಸಾಮರ್ಥ್ಯದ ರಾಯಚೂರು ಶಾಖೋತ್ಪನ್ನ ಸ್ಥಾವರ ಕಲ್ಲಿದ್ದಲು ಉರಿಸಿದಾಗ ಅದರ ಹೊಗೆ, ಬೂದಿ ಶಕ್ತಿನಗರದ ಸುತ್ತಲಿನವರ ಪಾಲಿಗೆ ಬರುತ್ತದೆ. ಘಟ್ಟದ ಕಾಡು ಉಳಿಸುವವರು ಈ ಖರ್ಚಿಗೂ ಉತ್ತರ ಹೇಳಬೇಕಾಗುತ್ತದೆ. ಹೋರಾಟದ ನೈತಿಕ ಬಲ ನಿಂತಿರುವುದು ಈ ಪ್ರಾಮಾಣಿಕತೆಯ ಮೇಲೆ.

ಪಾವಗಡ: ಕರಾರಿನ ಹೊರಗುಳಿದವರು

ಎರಡನೆಯದು ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕು. 2018ರಲ್ಲಿ ಉದ್ಘಾಟನೆಗೊಂಡ ಇದರ ಸಾಮರ್ಥ್ಯ 2,050 ಮೆಗಾವಾಟ್; ವಿಸ್ತೀರ್ಣ ಸುಮಾರು 13,000 ಎಕರೆ. ಇಲ್ಲಿ ಭೂಮಿಯನ್ನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಆರಂಭದ ದರ ಎಕರೆಗೆ ವಾರ್ಷಿಕ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಅಂದರೆ ಹತ್ತು ಎಕರೆ ಕೊಟ್ಟವರಿಗೆ ಮೊದಲ ವರ್ಷ 2,10,000 ರೂಪಾಯಿ. ಬರಗಾಲದ ಸೀಮೆಯಲ್ಲಿ ಇದು ನಿಶ್ಚಿತ ಆದಾಯ, ಭೂಮಿಯ ಒಡೆತನವೂ ಉಳಿಯುತ್ತದೆ. ಆದರೆ ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರು ಈ ಕರಾರಿನ ಪಕ್ಷಕಾರರಲ್ಲ. ಅವರಿಗೆ ಗುತ್ತಿಗೆ ಹಣವಿಲ್ಲ, ಕೂಲಿಯೂ ಇಲ್ಲ. ಪಾರ್ಕಿನ ವಿದ್ಯುತ್ತು ಶುದ್ಧವಾದುದೆಂಬುದರಲ್ಲಿ ಅನುಮಾನವಿಲ್ಲ. ಆ ಶುದ್ಧತೆಯ ಬೆಲೆಯ ಒಂದು ಭಾಗವನ್ನು ತೆತ್ತವರು ಕಾಗದದ ಮೇಲೆ ಎಲ್ಲಿಯೂ ಇಲ್ಲ.

ಯಾವ ಯೋಜನೆಗೂ ಕೇಳಬೇಕಾದ ಮೂರು ಪ್ರಶ್ನೆ

ಇವೆರಡರಿಂದ ಹೊರಡುವ ಪಾಠವನ್ನು ಹೀಗೆ ಸಂಗ್ರಹಿಸಬಹುದು.

1. ಲಾಭ ಯಾರಿಗೆ, ಎಷ್ಟು ವರ್ಷ? ಸಾಮರ್ಥ್ಯವನ್ನಲ್ಲ, ನಿರೀಕ್ಷಿತ ವಾರ್ಷಿಕ ಯೂನಿಟ್ಟನ್ನು ಕೇಳಬೇಕು.

2. ಖರ್ಚು ಯಾರದು? ಕೂಲಿಕಾರರು, ಹೊಳೆಯ ಕೆಳಭಾಗದವರು, ಕಾಡಂಚಿನ ತೋಟದವರು ಲೆಕ್ಕದಲ್ಲಿ ಇದ್ದಾರೆಯೇ?

3. ಯೋಜನೆ ಬೇಡವೆಂದರೆ ಬದಲಿ ಯಾವುದು, ಅದರ ಹೊರೆ ಯಾರ ಮೇಲೆ?

ಇವನ್ನು ಕೇಳಲು ಕಾನೂನಿನಲ್ಲಿಯೇ ಅವಕಾಶವಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಜಲವಿದ್ಯುತ್ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ದೊರೆಯಬೇಕು. ಸೌರ ಫಲಕಗಳ ಯೋಜನೆಗಳಿಗೆ ಈ ಅನುಮತಿಯ ಅಗತ್ಯವಿಲ್ಲ. ಆದ್ದರಿಂದ ಅಲ್ಲಿ ಗುತ್ತಿಗೆ ಕರಾರನ್ನೇ ಸಹಿಗೆ ಮೊದಲು ಸಾಲುಸಾಲಾಗಿ ಓದಬೇಕು.

ಇಂಥ ಸಭೆಗಳಲ್ಲಿ ವರ್ತಕರು ಮೌನವಾಗಿರುವುದೇ ಹೆಚ್ಚು. ಲೆಕ್ಕ ಓದಬಲ್ಲವರು ಸಾಲಿನಲ್ಲಿ ಹಿಂದೆ ನಿಂತರೆ, ಬಿಟ್ಟುಹೋದ ಖರ್ಚನ್ನು ತೋರಿಸಿಕೊಡುವ ಭಾರ ಅದನ್ನು ತೆರಬೇಕಾದ ಬಡವರ ಮೇಲೆಯೇ ಬೀಳುತ್ತದೆ. ಮುನ್ಸೂಚನೆಯ ಮೂವತ್ತು ದಿನಗಳಲ್ಲಿ ವರದಿಯ ಸಾರಾಂಶವನ್ನು ತರಿಸಿ, ಮೇಲಿನ ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಸಲ್ಲಿಸುವುದು ಯಾವ ವಾಣಿಜ್ಯ ಸಂಘಕ್ಕೂ ಅಸಾಧ್ಯವಾದ ಕೆಲಸವಲ್ಲ.