ಅಪ್ಪನ ಬಾಯಲ್ಲಿ ‘ಬುದ್ಧಿ’ ಎಂದು ಬರೆದೆ

ಪ್ರಶ್ನೆ: ನನ್ನ ಮೊದಲ ಕಥೆಯಲ್ಲಿ ಧಣಿಯ ಹತ್ತು ವರ್ಷದ ಮಗ ಜೀತದಾಳನ್ನು ‘ಬಾರ್ಲಾ’ ಎಂದು ಕರೆಯುತ್ತಾನೆ, ಜಾತಿ ಹಿಡಿದು ಬೈಯುತ್ತಾನೆ. ಆಳು ‘ಬಂದೆ ಬುದ್ಧಿ’ ಅನ್ನುತ್ತಾನೆ. ಆ ಆಳು ನನ್ನ ಅಪ್ಪ. ಕಥೆ ಓದಿ ಹೇಳಿದಾಗಿನಿಂದ ಅಪ್ಪ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ಬೈಗುಳ ತೆಗೆ ಎನ್ನುತ್ತಾರೆ ಗೆಳೆಯರು. ರಾತ್ರಿ ನಿದ್ದೆಯಿಲ್ಲ. ನಾನೇ ಅಪ್ಪನಿಗೆ ಅವಮಾನ ಮಾಡಿಬಿಟ್ಟೆನೇ?
– ಹೆಸರು ಬೇಡ, ಚಾಮರಾಜನಗರ ಜಿಲ್ಲೆ

ಉತ್ತರ: ಅಪ್ಪ ನುಂಗಿಕೊಂಡಿದ್ದ ಮಾತನ್ನು ಮಗನೇ ಗಟ್ಟಿಯಾಗಿ ಓದಿದಾಗ ಇಬ್ಬರಿಗೂ ನೋವಾಗುವುದು ಸಹಜ. ಆದರೆ ಆ ಮಾತು ಆಡಿದವರು ನೀವಲ್ಲ. ದೊಡ್ಡವರನ್ನು ಚಿಕ್ಕ ಹುಡುಗ ಹಾಗೆ ಕರೆಯಬಹುದಾಗಿದ್ದ ಊರನ್ನು ಇದ್ದ ಹಾಗೆ ಬರೆದಿದ್ದೀರಿ. ‘ಬಾರ್ಲಾ’ ಎಂಬುದನ್ನು ‘ಬನ್ನಿ’ ಎಂದು ತಿದ್ದಿದರೆ ಧಣಿಯ ಮನೆಗೆ ಇಲ್ಲದ ಸೌಜನ್ಯವನ್ನು ಕೊಟ್ಟಂತಾಗುತ್ತದೆ. ತೆಗೆಯಿರಿ ಎಂದು ನಾನು ಹೇಳಲಾರೆ.

ಆದರೂ ಒಂದು ಕೇಳುತ್ತೇನೆ. ನಿಮ್ಮ ಕಥೆಯಲ್ಲಿ ಅಪ್ಪ ಬೇರೆ ಎಲ್ಲಾದರೂ ಬಾಯಿ ಬಿಡುತ್ತಾರೆಯೇ? ಧಣಿಯ ಜಗಲಿಯ ಮುಂದೆ ‘ಬುದ್ಧಿ’ ಎಂದ ಅದೇ ಬಾಯಿ ಮನೆಗೆ ಬಂದು ಹೆಂಡತಿಯನ್ನು ರೇಗಿಸಿರಬಹುದು, ಎತ್ತಿನ ಜೊತೆ ಜಗಳವಾಡಿರಬಹುದು, ಧಣಿಯ ನಡಿಗೆಯನ್ನು ಅಣಕಿಸಿ ಇಡೀ ಬೀದಿಯನ್ನೇ ನಗಿಸಿರಬಹುದು. ಅದೊಂದೂ ಕಥೆಗೆ ಬಾರದಿದ್ದರೆ, ಅವರು ಬರೀ ಕೈಕಟ್ಟಿ ನಿಂತವರಾಗಿ ಉಳಿಯುತ್ತಾರೆ. ಅವರಿಗೆ ನೋವಾದದ್ದು ಅದಕ್ಕೇ ಇರಬಹುದೆಂದು ನನ್ನ ಊಹೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿ ನೋಡಿ. ನಾಯಿಗುತ್ತಿ ಒಡೆಯರ ಆಳು. ಆದರೆ ನಮಗೆ ನೆನಪಿರುವುದು ತಿಮ್ಮಿಗಾಗಿ ಕಾಡು ಅಲೆದ, ನಾಯಿ ಹುಲಿಯನನ್ನು ಜೀವದಂತೆ ಕಂಡ ಗುತ್ತಿ. ನಿಮ್ಮ ಪಕ್ಕದ ಸೀಮೆಯ ದೇವನೂರ ಮಹಾದೇವ ಅವರಂತೂ ‘ಕುಸುಮಬಾಲೆ’ ಕಾದಂಬರಿಯನ್ನು (1984) ಅಲ್ಲಿಯ ಆಡುಮಾತಿನಲ್ಲೇ ಬರೆದರು.

ಸದ್ಯಕ್ಕೆ ಕಥೆಯನ್ನು ಸಮರ್ಥಿಸಿಕೊಳ್ಳಲು ಹೋಗಬೇಡಿ. ಬಿಡುವಾದಾಗ ಅಪ್ಪನ ಪಕ್ಕದಲ್ಲಿ ಕೂತು, ‘ಆವತ್ತು ಮನೆಗೆ ಬಂದು ಅವ್ವುನ್ ತಾವ ಏನಂದ್ಯಪ್ಪ?’ ಎಂದು ಕೇಳಿ. ಹೇಳಿದರೆ ಕೇಳಿಸಿಕೊಳ್ಳಿ, ಇಲ್ಲವಾದರೆ ಒತ್ತಾಯ ಬೇಡ. ಹೆಸರು, ಊರು ಬದಲಿಸಿ. ಜಾತಿ ಹಿಡಿದ ಬೈಗುಳ ಒಮ್ಮೆ ಬಂದರೆ ಸಾಕು. ಪುಟಪುಟದಲ್ಲೂ ಬಂದರೆ ಓದುವವರಿಗೆ ಅದೇ ರೂಢಿಯಾಗಿಬಿಡುತ್ತದೆ. ಅಪ್ಪ ಒಪ್ಪುವ ತನಕ ಯಾವ ಪತ್ರಿಕೆಗೂ ಕಳಿಸಬೇಡಿ. ಇದರಲ್ಲಿ ಮಾತ್ರ ರಾಜಿ ಬೇಡ.

ನಿದ್ದೆಗೇಡು ಹೀಗೇ ಮುಂದುವರಿದರೆ ಸುಮ್ಮನಿರಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅಪ್ಪನಿಗೂ ಬೇಕೆನಿಸಿದರೆ ಅದೇ ಸಂಖ್ಯೆ ಕೊಡಿ.